ದುರ್ಗ ಹತ್ತುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಾವು ಮೂವರು ಗೆಳೆಯರು ಗೇರ್ ಸೈಕಲ್‌ನಲ್ಲಿ ಚಿತ್ರದುರ್ಗಕ್ಕೆ ಹೋಗಿ, ಕೋಟೆ ನೋಡಿಕೊಂಡು ಅದೇ ದಿನ ವಾಪಸ್ ಬರಬೇಕೆಂದಿದ್ದೇವೆ. ಆಗುತ್ತದೆಯೇ?
– ನಿಟುವಳ್ಳಿ, ದಾವಣಗೆರೆ

ಸೈಕಲ್ ತುಳಿಯುವುದಾಗುತ್ತದೆ, ಕೋಟೆ ನೋಡುವುದಾಗುವುದಿಲ್ಲ. ಹೋಗಲು ಸುಮಾರು 60 ಕಿ.ಮೀ., ಬರಲು ಅಷ್ಟೇ. ಗಂಟೆಗೆ 18 ಕಿ.ಮೀ. ಸರಾಸರಿ ಹಿಡಿದರೂ ಬರೀ ತುಳಿಯುವುದಕ್ಕೇ ಮೂರೂಕಾಲು ಗಂಟೆ ಬೇಕು. ಆನಗೋಡು, ಭರಮಸಾಗರ ಅಂತ ಚಹಾಕ್ಕೆ, ತಿಂಡಿಗೆ ನಿಂತರೆ ನಾಲ್ಕೂವರೆ. ಬೆಳಿಗ್ಗೆ ಐದಕ್ಕೆ ಹೊರಟವರು ಕೋಟೆ ಬಾಗಿಲಿಗೆ ಬರುವಾಗ ಒಂಬತ್ತೂವರೆ. ಒಳಗೆ ಕನಿಷ್ಠ ಮೂರು ಗಂಟೆ ಬೇಕು. ಅಷ್ಟರಲ್ಲಿ ಬಂಡೆ ಕಾದ ಹೆಂಚಾಗಿರುತ್ತದೆ, ವಾಪಸಿನ 60 ಕಿ.ಮೀ. ಸರಿಯಾಗಿ ಮಟಮಟ ಮಧ್ಯಾಹ್ನಕ್ಕೆ ಬೀಳುತ್ತದೆ.

ಎರಡು ದಿನ ಮಾಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಧ್ಯಾಹ್ನ ಒಂದೂವರೆಗೆ ಹೊರಟರೆ ಕತ್ತಲಾಗುವ ಹೊತ್ತಿಗೆ ದುರ್ಗ ಸೇರಬಹುದು. ರಾತ್ರಿ ಅಲ್ಲೇ ಉಳಿದು, ಸೈಕಲ್ ಲಾಡ್ಜ್‌ನಲ್ಲಿ ಬಿಟ್ಟು, ಕೋಟೆಯ ಗೇಟು ತೆಗೆಯುತ್ತಲೇ ಒಳಗೆ ಹೋಗಿ ಹತ್ತರೊಳಗೆ ಇಳಿದುಬಿಡಿ. ದುರ್ಗ ದಾವಣಗೆರೆಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬರುವಾಗ ರಸ್ತೆ ಒಟ್ಟಾರೆ ಇಳಿಜಾರು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಲಾಭವನ್ನು ಪಡುವಣ ಗಾಳಿ ಕಿತ್ತುಕೊಳ್ಳುತ್ತದೆ, ವಾಪಸ್ ಬರುವಾಗ ಅದು ಮುಖಕ್ಕೇ ಹೊಡೆಯುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಚೆಂದಕ್ಕೆ ನಿಲ್ಲಿಸಿಲ್ಲ.

ಹೆದ್ದಾರಿ 48ರಲ್ಲಿ ಸರ್ವಿಸ್ ರಸ್ತೆ ಇರುವ ಕಡೆ ಅದನ್ನೇ ಹಿಡಿಯಿರಿ. ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಬೈಕು, ಟ್ರ್ಯಾಕ್ಟರ್ ಇದ್ದದ್ದೇ. ಸುಗ್ಗಿ ಮುಗಿದ ಮೇಲೆ ಇನ್ನೊಂದು ತಾಪತ್ರಯ: ರಸ್ತೆಯ ಮೇಲೆ ಒಣಗಲು ಹರವಿದ ಮೆಕ್ಕೆಜೋಳ. ಕಾಳು ಚಕ್ರದಡಿ ಗೋಲಿಯಂತೆ ಉರುಳುತ್ತದೆ. ಸಿಕ್ಕಿಕೊಂಡರೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ದಾಟಿಬಿಡಿ. ರಾಶಿಯ ಸುತ್ತ ಇಟ್ಟ ಕಲ್ಲುಗಳು ಕತ್ತಲಲ್ಲಿ ಕಾಣುವುದಿಲ್ಲ. ಮುಂದಿನ ಲೈಟ್ ಇಲ್ಲದೆ ನಸುಕಿನಲ್ಲಿ ಹೊರಡಲೇಬೇಡಿ.

ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಹೋದಾಗ ಸೈಕಲ್ಲಿನ ಹಿಂದಿನ ಚಕ್ರ ಒಂದೇ ದಿನ ಮೂರು ಸಲ ಪಂಕ್ಚರ್ ಆಯಿತು. ಹೊಸ ಟ್ಯೂಬ್ ಹಾಕಿದರೂ ಹತ್ತೇ ನಿಮಿಷ. ಟ್ಯೂಬ್ ಕಳಪೆಯೇ?
– ಚಳ್ಳಕೆರೆ

ಟ್ಯೂಬಿನ ತಪ್ಪಿರಲಾರದು. ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ಹೊಕ್ಕ ಮೇಲೆ ಹೊರಗಿನ ತುಂಡು ಮುರಿದು ಬೀಳುತ್ತದೆ, ತುದಿ ರಬ್ಬರಿನಲ್ಲೇ ಉಳಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಗಾಳಿ ತುಂಬಿ ನೀವು ಹತ್ತಿ ಕೂತಾಗ ಅದು ಮತ್ತೆ ಒಳಕ್ಕೆ ಚುಚ್ಚುತ್ತದೆ. ಅದೇ ಮುಳ್ಳು ಮೂರು ಟ್ಯೂಬನ್ನೂ ತಿನ್ನುತ್ತದೆ.

ಟ್ಯೂಬ್ ಹೊರತೆಗೆಯುವ ಮೊದಲು ವಾಲ್ವ್ ಇರುವ ಕಡೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ. ಅದು ವಾಲ್ವಿನಿಂದ ಎಷ್ಟು ಗೇಣು ದೂರವೋ ಗುರುತಿನಿಂದ ಎರಡೂ ಕಡೆಗೆ ಅಷ್ಟೇ ದೂರದಲ್ಲಿ ಟೈರನ್ನು ತಡಕಿ. ಬರಿ ಬೆರಳು ಆಡಿಸಿದರೆ ಬೆರಳೂ ಪಂಕ್ಚರ್. ಹಳೆಯ ಬನಿಯನ್ ಬಟ್ಟೆಯನ್ನು ಟೈರಿನ ಒಳಮೈಗೆ ಒತ್ತಿ ಸುತ್ತಲೂ ಎಳೆಯಿರಿ, ಮುಳ್ಳಿರುವಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಚಿಮುಟದಿಂದ ಕೀಳಿ, ಆಗದಿದ್ದರೆ ಒಳಗಿನಿಂದ ದಪ್ಪ ಸೂಜಿಯಲ್ಲಿ ಹೊರಕ್ಕೆ ದಬ್ಬಿ. ಒಂದು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಪೂರ್ತಿ ಒಂದು ಸುತ್ತು ನೋಡಿ.

ತೂತು ಎಲ್ಲಿದೆ ಎಂಬುದರಲ್ಲೇ ಕಾರಣವೂ ಇರುತ್ತದೆ. ನೆಲದ ಕಡೆಗಿದ್ದರೆ ಮುಳ್ಳು. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡಿದ್ದರೆ ಗಾಳಿ ಕಡಿಮೆಯಾಗಿ, ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿದೆ. ರಿಮ್ಮಿನ ಕಡೆಗಿದ್ದರೆ ಕಡ್ಡಿಯ ತಲೆ ಮುಚ್ಚುವ ರಿಮ್ ಟೇಪ್ ಸರಿದಿದೆ.

ಪ್ಯಾಚ್ ಹಚ್ಚುವಾಗ ಎಲ್ಲರೂ ಮಾಡುವ ತಪ್ಪು ಅವಸರ. ಮರಳು ಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗುವವರೆಗೆ ಸುಮಾರು ಐದು ನಿಮಿಷ ಕಾಯಿರಿ. ಹಸಿಯಲ್ಲೇ ಒತ್ತಿದ ಪ್ಯಾಚ್ ಬಿಸಿಲಿಗೆ ಎದ್ದುಬಿಡುತ್ತದೆ. 35 ಮಿ.ಮೀ. ಅಗಲದ ಟೈರಿಗೆ, 70 ಕೆ.ಜಿ. ಆಸುಪಾಸಿನ ಸವಾರರಿಗೆ ಹಿಂದೆ 60, ಮುಂದೆ 55 ಪಿಎಸ್ಐ ಗಾಳಿ ಸಾಕು. ಮತ್ತು ಶಾಸನದ ಹತ್ತಿರ ಹೊಲದ ಬದುವಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗಬೇಡಿ, ರಸ್ತೆಯಲ್ಲೇ ಬೀಗ ಹಾಕಿ ನಡೆಯಿರಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನಗಳಿವು. ಬ್ರಹ್ಮಗಿರಿಯ ಜೊತೆಗೆ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೆ. ಜಟಿಂಗ ರಾಮೇಶ್ವರದ್ದಕ್ಕೆ ಬೆಟ್ಟ ಹತ್ತಬೇಕು, ಅದನ್ನು ಬೆಳಗಿಗೇ ಇಟ್ಟುಕೊಳ್ಳಿ.

ಅಮ್ಮನಿಗೆ 64 ವರ್ಷ, ಮಂಡಿನೋವು. ದುರ್ಗದ ಕೋಟೆ ನೋಡುವ ಆಸೆ. ಎಲ್ಲಿಯವರೆಗೆ ಕರೆದುಕೊಂಡು ಹೋಗಬಹುದು?
– ಹರಿಹರ

ಮೊದಲ ಬಾಗಿಲುಗಳು ಮತ್ತು ಮದ್ದು ಬೀಸುವ ಕಲ್ಲಿನವರೆಗೆ ಕಷ್ಟವಿಲ್ಲ. ನಿಧಾನಕ್ಕೆ ಕೂತು ಎದ್ದು ಹೋದರೆ ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ ಗುಡಿಗಳವರೆಗೂ ಹೋಗಬಹುದು. ತುಪ್ಪದ ಕೊಳದ ಬತೇರಿ ಮಾತ್ರ ಬೇಡ. ಅಲ್ಲಿ ಮೆಟ್ಟಿಲೆಂದರೆ ಕಡಿದಾದ ಬಂಡೆಯಲ್ಲಿ ಪಾದ ಊರುವಷ್ಟು ಕೊರೆದ ಗುಳಿಗಳು. ಹತ್ತಿದವರೂ ಇಳಿಯುವಾಗ ಅಳುತ್ತಾರೆ.

ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗ. ಹತ್ತುವಾಗ ನೋಯಲಿಲ್ಲವೆಂದು ಮುಂದೆ ಮುಂದೆ ಹೋಗಬೇಡಿ. ಅರ್ಧ ಶಕ್ತಿ ಉಳಿದಿರುವಾಗಲೇ ತಿರುಗಿ. ಇಳಿಯುವಾಗ ಚಿಕ್ಕ ಹೆಜ್ಜೆ, ಕೈಯಲ್ಲಿ ಕೋಲು. ಕೋಲು ಮೊದಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ನೋವಿರುವ ಕಾಲು, ಕೊನೆಗೆ ಒಳ್ಳೆಯ ಕಾಲು. ಚಪ್ಪಲಿ ಬಿಟ್ಟು, ತಳ ಸವೆಯದ ರಬ್ಬರ್ ಶೂ ಹಾಕಿಸಿ. ಒಣ ಬಂಡೆಯನ್ನು ರಬ್ಬರ್ ಚೆನ್ನಾಗಿ ಕಚ್ಚುತ್ತದೆ, ಪಾಚಿಗಟ್ಟಿ ನೆನೆದ ಬಂಡೆಯಲ್ಲಿ ಯಾವ ಶೂ ಕೂಡ ನಿಲ್ಲದು.

ತಲೆಗೆ ಎರಡು ಲೀಟರ್ ನೀರು. ಒಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ವೈದ್ಯರನ್ನು ಕೇಳಿ. ತಿಂಡಿ ಕೈಚೀಲದಲ್ಲಿ ತೂಗಾಡಿಸಬೇಡಿ, ಕೋತಿಗಳು ಚೀಲದ ಸದ್ದಿಗೇ ಬರುತ್ತವೆ.

ಕೋಟೆಯ ಬಂಡೆಗಳಲ್ಲಿ ಸಾಲಾಗಿ ಚೌಕ ತೂತುಗಳಿವೆ. ಯಾಕೆ?
– ಹೊಳಲ್ಕೆರೆ

ಕಲ್ಲು ಸೀಳಿದ ಗುರುತು. ಉಳಿಯಿಂದ ಒಂದೇ ಗೆರೆಯಲ್ಲಿ ತೂತು ಕೊರೆದು, ಬೆಣೆ ಇಟ್ಟು, ಸಾಲಿನ ಈ ತುದಿಯಿಂದ ಆ ತುದಿಗೆ ಸರದಿಯಂತೆ ಬಡಿಯುತ್ತ ಹೋದರೆ ಬಂಡೆ ಆ ಗೆರೆಗೇ ಬಿರಿಯುತ್ತದೆ. ಗೋಡೆಯಲ್ಲೂ ಅರ್ಧ ತೂತಿನ ಕಲ್ಲು ಹುಡುಕಿ. ಇನ್ನರ್ಧ ಇದ್ದ ಕಲ್ಲು ಬೇರೆಲ್ಲೋ ಹೋಗಿದೆ ಎಂದರ್ಥ.

ತೂತು ನೋಡಿದವರು ಬಾಗಿಲನ್ನೂ ನೋಡಿ. ಒಳಹೊಕ್ಕ ಕೂಡಲೇ ದಾರಿ ಗಕ್ಕನೆ ತಿರುಗುತ್ತದೆ: ಆನೆಗೆ ಓಡಿಬಂದು ಗುದ್ದಲು ಜಾಗವಿಲ್ಲ, ತಿರುವಿನಲ್ಲಿ ನಿಂತವರು ಮೇಲಿನ ಗೋಡೆಯವರಿಗೆ ಬಯಲಿಗೆ ಸಿಕ್ಕಂತೆ. ನೀರಿನ ದಾರಿ ಇನ್ನೂ ಜಾಣತನದ್ದು. ಮೇಲಿನ ಹೊಂಡ ತುಂಬಿ ಮಿಕ್ಕಿದ್ದು ಕೆಳಗಿನದಕ್ಕೆ, ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. 1779ರಲ್ಲಿ ಹೈದರಾಲಿಯ ಕೈವಶವಾಗುವ ಮುನ್ನ ದುರ್ಗ ಅಷ್ಟು ಮುತ್ತಿಗೆಗಳನ್ನು ತಡೆದದ್ದರಲ್ಲಿ ಕಲ್ಲಿನಷ್ಟೇ ಪಾಲು ಈ ನೀರಿನದೂ ಇದೆ. ಹೊಂಡದ ಮೆಟ್ಟಿಲು ಮಾತ್ರ ಇಳಿಯಬೇಡಿ, ಪಾಚಿ.

ಜೋಗಿಮಟ್ಟಿಯಿಂದ ಬೈಕಲ್ಲಿ ಇಳಿಯುವಾಗ ಸುಟ್ಟ ವಾಸನೆ ಬಂತು, ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ.
– ಹಿರಿಯೂರು

ಪೆಡಲ್ ಮೇಲಿನ ಕಾಲು ತೆಗೆಯದೆ ಇಳಿದಿದ್ದೀರಿ. ಡ್ರಮ್ ಕಾದರೆ ಬ್ರೇಕ್ ಶೂ ಹಿಡಿತ ಬಿಡುತ್ತದೆ. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ಕ್ಲಚ್ ಒತ್ತಬೇಡಿ, ನ್ಯೂಟ್ರಲ್ ಬೇಡವೇ ಬೇಡ. ಎರಡೂ ಬ್ರೇಕನ್ನು ತಿರುವಿನ ಮೊದಲು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟುಬಿಡಿ. ವಾಸನೆ ಬಂದರೆ ನಿಲ್ಲಿಸಿ ಕಾಲು ಗಂಟೆ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಟ್ಟೀತು. ಮನೆಗೆ ಬಂದ ಮೇಲೆ ಶೂ ಬಿಚ್ಚಿಸಿ ನೋಡಿಸಿ, ಗಾಜಿನಂತೆ ಹೊಳೆಯುತ್ತಿದ್ದರೆ ಬದಲಾಯಿಸಿ. ಅದು ಕರಡಿ, ಚಿರತೆ ಇರುವ ಕಾಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗಬೇಡಿ, ಸಂಜೆಯವರೆಗೆ ಕೂರಬೇಡಿ.

ಬಂಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ?
– ಜಗಳೂರು

ಸೆಂಟು ಬೇಡ, ಹೊಗೆ ಬೇಡ, ಕೂಗಾಟ ಬೇಡ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು ಓಡಿ, ಮುಚ್ಚಿದ ಕೋಣೆಯೋ ಕಾರೋ ಸಿಗುವವರೆಗೆ. ಹೊಂಡಕ್ಕೆ ಹಾರಬೇಡಿ, ಅವು ಮೇಲೇ ಕಾಯುತ್ತವೆ. ಕೊಂಡಿಯನ್ನು ತಕ್ಷಣ ಉಗುರಿನಿಂದ ಕೆರೆದು ತೆಗೆಯಿರಿ. ಅದರ ವಾಸನೆಗೆ ಉಳಿದವೂ ಬರುತ್ತವೆ. ಉಸಿರು ಕಟ್ಟಿದರೆ, ತುಟಿ ಊದಿದರೆ ತಡಮಾಡದೆ 108.

ಉಚ್ಚಂಗಿದುರ್ಗಕ್ಕೆ ಯಾವಾಗ ಹೋಗಬೇಕು?
– ವಿದ್ಯಾನಗರ, ದಾವಣಗೆರೆ

ಉಚ್ಚೆಂಗೆಮ್ಮನ ದರ್ಶನಕ್ಕಾದರೆ ಹುಣ್ಣಿಮೆಗೆ. ಕೋಟೆ ನೋಡಲಿಕ್ಕಾದರೆ ಹುಣ್ಣಿಮೆ ಬಿಟ್ಟು.