ಬ್ಯಾನರ್ ಕಟ್ಟಿಸಿ ಕೊಟ್ಟ ದುಡ್ಡು ಸಿಎಸ್‌ಆರ್ ಅಲ್ಲ

ಪ್ರಶ್ನೆ: ಉಡುಪಿ ಹತ್ತಿರ ನಮ್ಮ ಗೇರುಬೀಜದ ಫ್ಯಾಕ್ಟರಿ ಇದೆ, ಪ್ರೈವೇಟ್ ಲಿಮಿಟೆಡ್. ಕಳೆದ ವರ್ಷ ಲಾಭ 5 ಕೋಟಿ ದಾಟಿತು. ಕಂಬಳಕ್ಕೆ ಕೊಟ್ಟ ದುಡ್ಡನ್ನು ಸಿಎಸ್‌ಆರ್ (ಕಂಪನಿ ಕಾನೂನಿನ ಪ್ರಕಾರ ಸಮಾಜಕ್ಕೆ ಮಾಡಬೇಕಾದ ಖರ್ಚು) ಅಂತ ತೋರಿಸಬಹುದಾ?

ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುವುದಿಲ್ಲ. ಕೋಣ ಓಡುವ ಕರೆಯ ಬದಿಗೆ ಕಂಪನಿ ಬ್ಯಾನರ್ ಕಟ್ಟಿಸಿದಿರಿ, ಮೈಕಿನಲ್ಲಿ ಹೆಸರು ಹೇಳಿಸಿದಿರಿ. ಅದು ಜಾಹೀರಾತು. ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ನಿಯಮವೇ ಹೊರಗಿಟ್ಟಿದೆ. ಊರಿನ ಕಂಬಳಕ್ಕೆ ಖಂಡಿತ ಕೊಡಿ, ಜಾಹೀರಾತಿನ ಖಾತೆಯಲ್ಲಿ ಬರೆಯಿರಿ.

ಲಾಭ 5 ಕೋಟಿ ದಾಟಿದ್ದರಿಂದ ಸಿಎಸ್‌ಆರ್‌ಗೆ ನೀವು ಖರ್ಚು ಮಾಡಬೇಕಾದ್ದು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2. ಸರಾಸರಿ 4 ಕೋಟಿ ಇದ್ದರೆ 8 ಲಕ್ಷ. ಈ ಮೊತ್ತ 50 ಲಕ್ಷದೊಳಗಿದ್ದರೆ ಬೇರೆ ಸಿಎಸ್‌ಆರ್ ಸಮಿತಿ ಬೇಡ, ನಿರ್ದೇಶಕರ ಬೋರ್ಡ್ ಸಾಕು. ಪಕ್ಕದ ಸರ್ಕಾರಿ ಶಾಲೆಗೆ ನೀವೇ ನಿಂತು ಶೌಚಾಲಯ ಕಟ್ಟಿಸಿ. ಟ್ರಸ್ಟ್ ಮೂಲಕವಾದರೆ ಅದರ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡಲು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ನೋಡದೆ ಚೆಕ್ ಬರೆಯಬೇಡಿ.

ಮಾರ್ಚ್ ಬಂತೆಂದರೆ ಕೆಲವು ಏಜೆಂಟರು ಸುತ್ತುತ್ತಾರೆ. "ಚೆಕ್ ಕೊಡಿ, ರಸೀದಿ ಕೊಡ್ತೇವೆ, ಮುಕ್ಕಾಲು ಪಾಲು ಕ್ಯಾಶ್ ವಾಪಸ್" ಅಂತ. ಶುದ್ಧ ಮೋಸ. ಗೇಟಿನಿಂದಲೇ ಕಳಿಸಿ. ಕಾಗದದ ಮೇಲಿರುವುದು ನಿಮ್ಮ ಸಹಿ.

ನೀವು ಕೇಳದ ಇನ್ನೊಂದು ಮಾತು. ಇಂಥದ್ದೇ ಒಂದು ಫ್ಯಾಕ್ಟರಿಗೆ ಆಡಿಟ್‌ಗೆ ಹೋಗಿದ್ದೆ. ಒಬ್ಬ ಹೆಂಗಸು ಹಾಜರಿ ಮೆಷಿನ್ ಮೇಲೆ ಮತ್ತೆ ಮತ್ತೆ ಬೆರಳು ಒತ್ತುತ್ತಿದ್ದರು, ಅದು ಹಿಡಿಯುತ್ತಲೇ ಇರಲಿಲ್ಲ. ಗೇರು ಸಿಪ್ಪೆಯ ಎಣ್ಣೆಗೆ ಬೆರಳ ತುದಿ ಸುಟ್ಟು ಕಪ್ಪಾಗಿತ್ತು. ಅದೇ ಗೋಡೆಯ ಮೇಲೆ ಮಾಲೀಕರು ದಾನದ ಚೆಕ್ ಕೊಡುವ ಫೋಟೊ. ನನಗೆ ತುಂಬಾ ಬೇಜಾರಾಯಿತು. ಕೈಗವಸು ಕೊಟ್ಟರೆ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಅದು ನಿಮ್ಮ ನೌಕರರಿಗೆ ಮಾತ್ರ. ಆದರೂ ಮೊದಲು ಅದನ್ನೇ ಕೊಡಿ. ಬೀಜ ಒಡೆಯದೆ ಇಡಿಯಾಗಿ ತೆಗೆಯುವ ಕೈ ಅದು. ಇಡೀ ಬೀಜಕ್ಕೂ ತುಂಡಿಗೂ ಬೆಲೆ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತು ಅಲ್ವಾ?

ಪ್ರಶ್ನೆ: ಸಿಎಸ್‌ಆರ್ ದುಡ್ಡನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸಬಹುದಾ?

ಆಗದು.

ಪ್ರಶ್ನೆ: ಸಣ್ಣ ಊರಿನ ಕಂಪನಿ ಹೊಸತು ಮಾಡಲು ಸಾಧ್ಯವಾ?

ಉಡುಪಿಯಲ್ಲಿ ಕೂತು ಇದನ್ನು ಕೇಳುತ್ತೀರಲ್ಲ! ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಇಲ್ಲಿನ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ 2 ಆಣೆಯಷ್ಟು ಸಣ್ಣ ಉಳಿತಾಯವನ್ನೂ ತಂದರು. ಬಡವರಿಗೆ ಉಳಿತಾಯವಾಯಿತು, ಬ್ಯಾಂಕಿಗೆ ಬಂಡವಾಳವಾಯಿತು.