ಸೌರಬೇಲಿಯ ಬ್ಯಾಟರಿ ಕುರಿತ ನಿಮ್ಮ ಲೇಖನ

ಮಾನ್ಯರೇ,

ಸೌರಬೇಲಿಯ 12 ವೋಲ್ಟ್ ಬ್ಯಾಟರಿಗೆ ಯಾರಾದರೂ ಚಾರ್ಜರನ್ನು ಉಲ್ಟಾ ಹಚ್ಚಿದರೆ ಏನೂ ಸುಡದಂತೆ ಕಾಯುವ ಬಗೆಯನ್ನು ವಿವರಿಸುವ ನಿಮ್ಮ ಲೇಖನ ತಲುಪಿದೆ. ವಿಷಯ ನಮಗೆ ಬೇಕಾದದ್ದೇ. ಆನೆ ಬರುವ ತೋಟದಲ್ಲಿ ಬೇಲಿ ಸುಮ್ಮನಿರುವಂತಿಲ್ಲ. ಮಳೆಗಾಲದಲ್ಲಿ ಬಿಸಿಲು ಕೈಕೊಟ್ಟಾಗ ಬ್ಯಾಟರಿಯನ್ನು ಚಾರ್ಜರಿಗೆ ಹಚ್ಚುವವರು ಕೊಡಗಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲಾರೆ.

ಮೊದಲ ಎರಡು ಪುಟಗಳ ತುಂಬ ಮಂಜು, ಕಾಫಿ ಹೂವಿನ ಕಂಪು, ಕಾವೇರಿ. ಮಡಿಕೇರಿಯ ಓದುಗರಿಗೆ ಮಂಜಿನ ಪರಿಚಯ ಮಾಡಿಸಬೇಕಾಗಿಲ್ಲ. ತೆಗೆದುಬಿಡಿ.

ಸರಣಿಯಲ್ಲಿ ಒಂದು ಸಿಲಿಕಾನ್ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದರೆ ಸಾಕು ಎನ್ನುತ್ತೀರಿ. ಅದು ಸುಮಾರು 0.7 ವೋಲ್ಟ್ ನುಂಗುತ್ತದೆ, ಚಾರ್ಜರ್ 14.4 ಕೊಟ್ಟರೆ ಬ್ಯಾಟರಿಗೆ ತಲುಪುವುದು 13.7. ಬ್ಯಾಟರಿ ತುಂಬುವುದು ತಡವಾಗುತ್ತದೆ. ಅರ್ಧಕ್ಕೇ ಎತ್ತಿಕೊಂಡು ಹೋಗುವುದು ರೂಢಿಯಾದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. 10 ಆಂಪಿಯರ್ ಹರಿದರೆ ಡಯೋಡಿನಲ್ಲೇ 7 ವಾಟ್ ಶಾಖ. ನೀವು ಸೂಚಿಸಿರುವ 1ಎನ್4007 ಡಯೋಡ್ ತಾಳುವುದೇ 1 ಆಂಪಿಯರ್!

ನನ್ನ ದೊಡ್ಡ ತಕರಾರು, ಡಯೋಡಿನ ಬದಲಿಗೆ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದ ಚಿತ್ರದ ಬಗ್ಗೆ. ಪಿ-ಚಾನಲ್ ಬಗೆಯ ಮಾಸ್ಫೆಟ್; ಕರೆಂಟ್ ಹರಿಯುವ ಎರಡು ಕಾಲುಗಳಲ್ಲಿ ಡ್ರೇನ್ ಚಾರ್ಜರಿನ ಕಡೆ, ಸೋರ್ಸ್ ಬ್ಯಾಟರಿಯ ಕಡೆ, ಆನ್-ಆಫ್ ಮಾಡುವ ಗೇಟ್ ನೆಗೆಟಿವ್‌ಗೆ. ರೇಡಿಯೊಗೋ ದೀಪಕ್ಕೋ ಇದು ಸರಿ: ಉಲ್ಟಾ ಹಚ್ಚಿದರೆ ಗೇಟ್‌ಗೆ ಬೇಕಾದ ವೋಲ್ಟೇಜ್ ಸಿಗದೆ ಮಾಸ್ಫೆಟ್ ಆಫ್ ಆಗಿರುತ್ತದೆ. ಆದರೆ ಇಲ್ಲಿ ಆಚೆ ಬದಿಯಲ್ಲಿರುವುದು ಬ್ಯಾಟರಿ. ಚಾರ್ಜರ್ ಇರಲಿ ಬಿಡಲಿ, ಬ್ಯಾಟರಿಯೇ ಗೇಟ್‌ಗೆ ವೋಲ್ಟೇಜ್ ಒದಗಿಸಿ ಮಾಸ್ಫೆಟ್ಟನ್ನು ಆನ್ ಮಾಡಿಯೇ ಇಟ್ಟಿರುತ್ತದೆ. ಕಳ್ಳ ಬಂದಾಗ ಮನೆಯವನೇ ಬಾಗಿಲು ತೆರೆದು ಹಿಡಿದಂತೆ. ಚಾರ್ಜರಿನ ಕಡೆ ವೋಲ್ಟೇಜ್ ಉಲ್ಟಾ ಆದದ್ದನ್ನು ಗುರುತಿಸಿ, ಗೇಟನ್ನು ಸೋರ್ಸ್‌ಗೆ ಸೇರಿಸಿ ಆಫ್ ಮಾಡುವ ಇನ್ನೊಂದು ಟ್ರಾನ್ಸಿಸ್ಟರ್ ಬೇಕೇಬೇಕು. ಆಫ್ ಆದ ಮೇಲೆ ಎರಡೂ ಬದಿಯ ವೋಲ್ಟೇಜ್ ಕೂಡಿ ಮಾಸ್ಫೆಟ್ ಮೇಲೆ ಬೀಳುತ್ತದೆ: 14.4ಕ್ಕೆ ಬ್ಯಾಟರಿಯ 12.7 ಸೇರಿದರೆ 27 ದಾಟಿತು. 20 ವೋಲ್ಟ್ ಮಾತ್ರ ತಾಳುವ ನಿಮ್ಮ ಮಾಸ್ಫೆಟ್ ಅಲ್ಲಿ ಉಳಿಯುವುದಿಲ್ಲ. ನೀವು ಇದನ್ನು ಕಟ್ಟಿ ನೋಡಿಲ್ಲವೆಂದೇ ನನ್ನ ಅನುಮಾನ.

ಬೆಸುಗೆ ಹಾಕಲು ಬಾರದ ಓದುಗರಿಗೆ ನೇರವಾಗಿ ಒದಗುವ ಫ್ಯೂಸನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಚಾರ್ಜರಿನ ತಂತಿಯಲ್ಲಿ, ಬ್ಯಾಟರಿಯ ಪಾಸಿಟಿವ್‌ಗೆ ಆದಷ್ಟು ಹತ್ತಿರ, 10 ಆಂಪಿಯರ್ ಚಾರ್ಜರಿಗೆ 15 ಆಂಪಿಯರ್ ಫ್ಯೂಸ್ ಎಂದು ಬಿಡಿಸಿ ಬರೆಯಿರಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕ್ಲಿಪ್ಪಿನ ಕಿಡಿಗೆ ಅದು ಸಿಡಿಯಬಹುದು ಎಂಬ ಮಾತೇ ಲೇಖನದಲ್ಲಿಲ್ಲ. ಮಳೆಗೆ ಕಿಟಕಿ ಮುಚ್ಚಿದ ಗೋದಾಮಿನಲ್ಲಿ ಚಾರ್ಜ್ ಮಾಡುವವರಿಗೆ ಮೊದಲು ಹೇಳಬೇಕಾದದ್ದು ಅದನ್ನು.

ತಿದ್ದಿದ ಸರ್ಕ್ಯೂಟನ್ನು ಗಾಳಿಯಾಡುವ ಕಡೆ ಫ್ಯೂಸ್ ಸಮೇತ ಕಟ್ಟಿ ಪರೀಕ್ಷಿಸಿ, ಅಳೆದ ವೋಲ್ಟೇಜುಗಳನ್ನು ಚಿತ್ರದಲ್ಲೇ ಗುರುತಿಸಿ ಕಳುಹಿಸಿ. ಮೂರು ಪುಟ ಮೀರದಿರಲಿ.

ಸಂಪಾದಕ