ಹೊಗಳುವ ಸ್ವಾತಂತ್ರ್ಯ ಇರಲಿ, ಆದರೆ ದುಡ್ಡು ಯಾರದು?

ಪ್ರಶ್ನೆ: ಹಂಗೇರಿಯ ‘ಮಾಡ್ಯಾರ್ ನೆಮ್ಜೆಟ್’ ಪತ್ರಿಕೆ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಸರ್ಕಾರದ ಪರ ಬರೆಯುತ್ತಿತ್ತು ಎಂದು ಓದಿದೆ. ಸರ್ಕಾರವನ್ನು ಬೈಯುವ ಸ್ವಾತಂತ್ರ್ಯ ಇರುವ ಹಾಗೆ ಹೊಗಳುವ ಸ್ವಾತಂತ್ರ್ಯವೂ ಇರಬೇಕಲ್ವಾ? ಪತ್ರಿಕೆಗೆ ಸೆನ್ಸಾರ್ ಇರಲಿಲ್ಲ, ಸಂಪಾದಕರನ್ನು ಜೈಲಿಗೆ ಹಾಕಲಿಲ್ಲ. ಮತ್ತೆ ಪತ್ರಿಕಾ ಸ್ವಾತಂತ್ರ್ಯ ಹೋಯಿತು ಎನ್ನುವ ಕೂಗು ಏಕೆ?

ಉತ್ತರ: ಹೊಗಳುವ ಸ್ವಾತಂತ್ರ್ಯ ಖಂಡಿತ ಇರಬೇಕು. ಸರ್ಕಾರದ ಪರ ನಿಂತಿತು ಅನ್ನುವ ಒಂದೇ ಕಾರಣಕ್ಕೆ ಯಾವ ಪತ್ರಿಕೆಯನ್ನೂ ನಾನು ದೂರುವುದಿಲ್ಲ. ನಾನು ಕೇಳುವುದು ಎರಡೇ ಮಾತು. ಅದನ್ನು ನಡೆಸುವ ದುಡ್ಡು ಎಲ್ಲಿಂದ ಬರುತ್ತದೆ? ಬೇರೆ ಮಾತಾಡುವ ಪತ್ರಿಕೆಗೆ ಬದುಕಲು ಜಾಗ ಉಳಿದಿದೆಯಾ?

ನೀವು ಹೇಳಿದ ಪತ್ರಿಕೆಯನ್ನೇ ನೋಡಿ. ಅದು 1938ರಲ್ಲಿ ಶುರುವಾಯಿತು. ನಾಜಿಗಳನ್ನು ವಿರೋಧಿಸಿತ್ತು, ಹಾಗಾಗಿ 1944ರಲ್ಲಿ ಜರ್ಮನ್ ಸೇನೆ ಬಂದಾಗ ಅದಕ್ಕೆ ಬೀಗ ಬಿತ್ತು. ಮುಂದೆ ಅದು ಓರ್ಬಾನ್ ಅವರ ಹಳೆಯ ಗೆಳೆಯ, ಉದ್ಯಮಿ ಲಾಯೋಶ್ ಶಿಮಿಚ್ಕಾ ಕೈಗೆ ಬಂತು. 2015ರ ಫೆಬ್ರವರಿಯಲ್ಲಿ ಇಬ್ಬರ ಸ್ನೇಹ ಮುರಿಯಿತು. ಪತ್ರಿಕೆ ಟೀಕಿಸತೊಡಗಿತು, ಸರ್ಕಾರಿ ಜಾಹೀರಾತು ನಿಂತಿತು. 2018ರ ಏಪ್ರಿಲ್ 8ರಂದು ಓರ್ಬಾನ್ ಮತ್ತೆ ಭರ್ಜರಿಯಾಗಿ ಗೆದ್ದರು. ಮೂರೇ ದಿನಕ್ಕೆ ಪತ್ರಿಕೆಯ ಕೊನೆಯ ಸಂಚಿಕೆ ಬಂತು. 2019ರ ಫೆಬ್ರವರಿಯಲ್ಲಿ ಸರ್ಕಾರದ ಪರವಾಗಿದ್ದ ಬೇರೊಂದು ದಿನಪತ್ರಿಕೆ ಆ ಹೆಸರನ್ನು ಇಟ್ಟುಕೊಂಡಿತು. ನೀವು ಓದಿದ್ದು ಇದರ ಬಗ್ಗೆ. ಹಳೆಯ ಹೆಸರು, ಹೊಸ ಮನೆ.

ಇಲ್ಲಿ ಯಾರೂ ಸೆನ್ಸಾರ್ ಕತ್ತರಿ ಹಿಡಿಯಲಿಲ್ಲ. ಹಿಡಿಯುವ ಅಗತ್ಯವೇ ಇರಲಿಲ್ಲ. ದಿನಪತ್ರಿಕೆಯ ಉಸಿರು ಜಾಹೀರಾತಿನಲ್ಲಿದೆ. ಸರ್ಕಾರವೇ ದೊಡ್ಡ ಜಾಹೀರಾತುದಾರ ಆದಾಗ ಅದು ಯಾರಿಗೆ ಕೊಡುತ್ತದೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನು ಖಾಸಗಿ ಕಂಪನಿಗಳೂ ಗಮನಿಸುತ್ತವೆ. ‘ನಮಗ್ಯಾಕೆ ಸುಮ್ನೆ ತೊಂದರೆ’ ಎಂದು ಅವೂ ಕೈ ಹಿಂದೆಗೆಯುತ್ತವೆ. ಆ ದುಡ್ಡು ಜನರ ತೆರಿಗೆ ದುಡ್ಡು. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

‘ನೇಪ್‌ಸಬಾಡ್‌ಶಾಗ್’ ಎಂಬ ಎಡಪಂಥೀಯ ದಿನಪತ್ರಿಕೆ ನಿಂತದ್ದು 2016ರ ಅಕ್ಟೋಬರ್ 8ರಂದು. ಅದು ಶನಿವಾರ. ಕಚೇರಿ ಬೇರೆ ಕಡೆಗೆ ಹೋಗುತ್ತಿದೆ ಎಂದು ಸಿಬ್ಬಂದಿ ತಮ್ಮ ಸಾಮಾನನ್ನೆಲ್ಲ ಪೆಟ್ಟಿಗೆಗೆ ತುಂಬಿಟ್ಟಿದ್ದರು. ಅಷ್ಟರಲ್ಲಿ ಕೈಗೆ ಪತ್ರ ಬಂತು: ಪ್ರಕಟಣೆ ನಿಂತಿದೆ, ಕೆಲಸಕ್ಕೆ ಬರಬೇಡಿ. ನಷ್ಟವೇ ಕಾರಣ ಎಂದರು ಮಾಲೀಕರು. ನಷ್ಟ ಇದ್ದದ್ದೂ ನಿಜ. ಆದರೆ ಅದೇ ತಿಂಗಳು ಆ ಪ್ರಕಾಶನ ಕಂಪನಿ ಪ್ರಧಾನಿಗೆ ಹತ್ತಿರದವರ ಪಾಲಾಯಿತು. ಹಾಗೆ ನೋಡಿದರೆ ‘ನೇಪ್‌ಸಬಾಡ್‌ಶಾಗ್’ ಕೂಡ 1989ರವರೆಗೆ ಕಮ್ಯುನಿಸ್ಟ್ ಪಕ್ಷದ ಮುಖವಾಣಿಯೇ. ಮೊದಲು ಮಾಧ್ಯಮವೆಲ್ಲ ಎಡದವರ ಕೈಯಲ್ಲಿತ್ತು, ನಾವು ಸಮತೋಲನ ತಂದೆವು ಎಂದು ಓರ್ಬಾನ್ ಕಡೆಯವರು ಹೇಳುವುದು ಇಂಥ ಇತಿಹಾಸ ಇಟ್ಟುಕೊಂಡೇ. ಆ ಮಾತನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ.

ಆದರೆ 2018ರ ನವೆಂಬರ್‌ನಲ್ಲಿ ಆದದ್ದಕ್ಕೆ ಸಮತೋಲನ ಎಂಬ ಹೆಸರು ಒಪ್ಪುವುದಿಲ್ಲ. ಸರ್ಕಾರದ ಪರ ಮಾಲೀಕರು ತಮ್ಮ 400ಕ್ಕೂ ಹೆಚ್ಚು ಪತ್ರಿಕೆ, ರೇಡಿಯೊ, ವೆಬ್‌ಸೈಟ್‌ಗಳನ್ನು ಒಂದೇ ಪ್ರತಿಷ್ಠಾನಕ್ಕೆ ಬಿಟ್ಟಿಯಾಗಿ ಕೊಟ್ಟರು. ಮುಂದಿನ ತಿಂಗಳು ಸರ್ಕಾರ ಈ ವಿಲೀನಕ್ಕೆ ರಾಷ್ಟ್ರೀಯ ಮಹತ್ವದ್ದು ಎಂಬ ಪಟ್ಟ ಕೊಟ್ಟಿತು. ಹಾಗಾಗಿ ಮಾರುಕಟ್ಟೆ ಒಬ್ಬರ ಕೈಗೇ ಹೋಗದಂತೆ ಕಾಯುವ ಸ್ಪರ್ಧಾ ಪ್ರಾಧಿಕಾರ ಅದನ್ನು ತನಿಖೆ ಮಾಡುವಂತೆಯೇ ಇರಲಿಲ್ಲ. ಜಿಲ್ಲಾ ದಿನಪತ್ರಿಕೆಗಳೂ ಅದೇ ಗುಂಪಿನಲ್ಲಿದ್ದವು. ಹಳ್ಳಿಯಲ್ಲಿ ಬೆಳಗ್ಗೆ ಪೇಪರ್ ತೆಗೆಯುವ ಅಜ್ಜನಿಗೆ ಪಕ್ಕದ ಜಿಲ್ಲೆಯದನ್ನು ತರಿಸಿದರೂ ರಾಜಕೀಯದ ಮಾತು ಜಾಸ್ತಿ ಬದಲಾಗುತ್ತಿರಲಿಲ್ಲ.

ಹಳೆಯ ಮಾಡ್ಯಾರ್ ನೆಮ್ಜೆಟ್‌ನ ಕೆಲವು ಪತ್ರಕರ್ತರು ಸೋಲಲಿಲ್ಲ. ಪತ್ರಿಕೆ ಮುಚ್ಚಿದ ಮರುತಿಂಗಳೇ ‘ಮಾಡ್ಯಾರ್ ಹಾಂಗ್’ ಎಂಬ ವಾರಪತ್ರಿಕೆ ತಂದರು. ಅದನ್ನು ಅಚ್ಚು ಹಾಕಲು ಹಂಗೇರಿಯ ಮುದ್ರಣಾಲಯಗಳು ಮುಂದೆ ಬರಲಿಲ್ಲ. ಪಕ್ಕದ ಸ್ಲೊವಾಕಿಯಾದಲ್ಲಿ ಮುದ್ರಿಸಿ, ಗಡಿ ದಾಟಿಸಿ ತಮ್ಮ ಓದುಗರಿಗೆ ತಲುಪಿಸಿದರು.